ಹೆಪ್ಪುಗಟ್ಟಿದ ಕೆರೆಯ ಮೇಲೆ ಡೇರೆ ಹೂಡುವಾಗ

ಐಸ್ ಫಿಶಿಂಗ್ (ಹೆಪ್ಪುಗಟ್ಟಿದ ಕೆರೆಯಲ್ಲಿ ರಂಧ್ರ ಕೊರೆದು ಮೀನು ಹಿಡಿಯುವುದು) ಡೇರೆ ಕೈತಪ್ಪುವುದು ನಡುರಾತ್ರಿಯ ಬಿರುಗಾಳಿಗಿಂತ ಹೆಚ್ಚಾಗಿ ಚೀಲದಿಂದ ಹೊರತೆಗೆದ ಮೊದಲ ಎರಡು ನಿಮಿಷಗಳಲ್ಲಿ. ಬಟ್ಟೆ ಅರ್ಧ ಬಿಚ್ಚಿರುತ್ತದೆ, ಒಂದು ಗೂಟವೂ ಇಳಿದಿರುವುದಿಲ್ಲ. ಅಷ್ಟರಲ್ಲಿ ಗಾಳಿ ಒಳಹೊಕ್ಕು ಉಬ್ಬಿಸಿತೆಂದರೆ ಮುಗಿಯಿತು. ಅಮೆರಿಕದ ಮಿನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಅಥವಾ ಅಪ್ಪರ್ ರೆಡ್ ಲೇಕ್‌ನಂಥ ಬಯಲು ಕೆರೆಯ ಮೇಲೆ ಅದನ್ನು ತಡೆಯಲು ಮರವಿಲ್ಲ, ಬೇಲಿಯಿಲ್ಲ. ನುಣ್ಣನೆ ಐಸ್ ಮೇಲೆ ಡೇರೆ ಓಡುವಷ್ಟು ವೇಗವಾಗಿ ಮನುಷ್ಯ ಓಡಲಾರ. ಬೂಟಿಗೆ ಮುಳ್ಳುಪಟ್ಟಿ ಇಲ್ಲದಿದ್ದರೆ ಓಡಲು ನೋಡುವುದೂ ಬೇಡ.

ಮಿನಿಯಾಪೊಲಿಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಚಳಿಗಾಲದ ಮೀನು ಹಿಡಿಯುವ ಹುಚ್ಚು ಹತ್ತಿದವರಿಗೆ ಮತ್ತು ಹತ್ತಲಿರುವವರಿಗೆ ಈ ಬರಹ. ಗಾಳ, ಮರಿಮೀನು, ಸೋನಾರ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿರುವುದು ಡೇರೆ ಮತ್ತು ಗಾಳಿಯ ಮಾತು ಮಾತ್ರ.

ಮೊದಲು ಲೆಕ್ಕ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 33ರಂತೆ ತಾಗುತ್ತದೆ. ಗಾಳಿಯನ್ನು ತಡೆದರೆ ಸಾಕು, ಹೀಟರ್ ಹಚ್ಚುವ ಮೊದಲೇ 13 ಡಿಗ್ರಿ ಗೆದ್ದಂತೆ. ಇನ್ನು ಡೇರೆಯ ಮೇಲೆ ಬೀಳುವ ಒತ್ತಡ. ಅಷ್ಟು ಚಳಿಯಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.4 ಕಿಲೋ, ಅಂದರೆ ನಮ್ಮೂರಿನ ಬೆಚ್ಚಗಿನ ಗಾಳಿಗಿಂತ ಶೇಕಡಾ 15–20ರಷ್ಟು ಭಾರ. 2 ಮೀಟರ್ ಎತ್ತರ, 1.8 ಮೀಟರ್ ಅಗಲದ ಒಂದು ಗೋಡೆಗೆ 30 ಕಿ.ಮೀ. ಗಾಳಿ ನೇರ ಹೊಡೆದರೆ ಸುಮಾರು 18 ಕಿಲೋ ತೂಕ ಒರಗಿದಂತೆ. ಗಾಳಿ 60 ಕಿ.ಮೀ.ಗೆ ಏರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 70 ಕಿಲೋ. ಡೇರೆಯ ತೂಕವೋ, ಮೂರ್ನಾಲ್ಕು ಜನ ಕೂರುವಂಥದ್ದೂ ಸಾಮಾನ್ಯವಾಗಿ 15–20 ಕಿಲೋ ದಾಟುವುದಿಲ್ಲ. ಡೇರೆ ನಿಲ್ಲುವುದು ತನ್ನ ತೂಕದಿಂದಲ್ಲ, ಗೂಟದಿಂದ ಎನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಕೊಂಡೊಯ್ಯುವ ಡೇರೆಗಳಲ್ಲಿ ಎರಡು ಜಾತಿ. ಒಂದು ಹಬ್ ಡೇರೆ: ಪ್ರತಿ ಗೋಡೆಯ ನಡುವೆ ಗಾಡಿಚಕ್ರದ ನಡುವಿನಂಥ ಒಂದು ಗುಂಬ (ಹಬ್ ಎಂದರೆ ಅದೇ), ಅದರಿಂದ ನಾಲ್ಕು ಮೂಲೆಗೂ ಫೈಬರ್‌ಗ್ಲಾಸ್ ಕಡ್ಡಿಗಳು. ಗುಂಬಕ್ಕೆ ಕಟ್ಟಿದ ಪಟ್ಟಿಯನ್ನು ಹೊರಗೆಳೆದರೆ ಗೋಡೆ 'ಟಪ್' ಎಂದು ಬಿಗಿಯುತ್ತದೆ, ಛತ್ರಿಯ ಹಾಗೆ. ಇನ್ನೊಂದು ಫ್ಲಿಪ್-ಓವರ್: ಐಸ್ ಮೇಲೆ ಎಳೆದೊಯ್ಯುವ ಪ್ಲಾಸ್ಟಿಕ್ ಸ್ಲೆಡ್‌ಗೇ ಕಂಬ ಮತ್ತು ಬಟ್ಟೆ ಜೋಡಿಸಿರುತ್ತಾರೆ, ಕುಳಿತು ತಲೆಯ ಮೇಲಿಂದ ಮುಂದಕ್ಕೆ ಎಳೆದುಕೊಳ್ಳುವುದು. ಎತ್ತಿನಗಾಡಿಯ ಕಮಾನು ಮಡಚುವಂತಿದ್ದರೆ ಹೇಗಿರುತ್ತಿತ್ತೋ ಹಾಗೆ. 1980ರ ಸುಮಾರಿಗೆ ಮಿನೆಸೋಟದ ಡೇವ್ ಗೆನ್ಜ್ ರೂಪಿಸಿದ 'ಫಿಶ್ ಟ್ರ್ಯಾಪ್' ಈ ಎರಡನೆಯ ಜಾತಿಗೆ ದಾರಿ ಮಾಡಿಕೊಟ್ಟಿತು. ಒಬ್ಬರೇ ಹೋಗುವವರಿಗೆ, ಗಾಳಿಯ ದಿನಗಳಿಗೆ ಫ್ಲಿಪ್-ಓವರ್ ವಾಸಿ. ನಾಲ್ಕು ಜನ ಸೇರಿ ಒಳಗೇ ಚಹಾ ಕಾಯಿಸಿಕೊಂಡು ದಿನವಿಡೀ ಕೂರುವುದಾದರೆ ಹಬ್. ಮುಂದಿನ ಮಾತು ಬಹುಪಾಲು ಹಬ್ ಡೇರೆಯದೇ, ಗಾಳಿಯಲ್ಲಿ ಹೆಚ್ಚು ತೊಂದರೆ ಕೊಡುವುದೂ ಅದೇ.

ಡೇರೆಗೂ ಮೊದಲು ಐಸ್. ಹೊಸದಾಗಿ ಕಟ್ಟಿದ ಪಾರದರ್ಶಕ ಐಸ್ ಕನಿಷ್ಠ 4 ಇಂಚು ಇದ್ದರಷ್ಟೇ ನಡೆದುಹೋಗಬೇಕು ಎನ್ನುತ್ತದೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್ ಅರ್ಧದಷ್ಟೇ ಗಟ್ಟಿ, ಅದಕ್ಕೆ ದಪ್ಪವನ್ನು ಇಮ್ಮಡಿ ಹಿಡಿಯಿರಿ. ದಂಡೆಯಲ್ಲಿ ಒಮ್ಮೆ ಅಳೆದು ಮುಂದೆ ಅಷ್ಟೇ ಇರುತ್ತದೆ ಎಂದುಕೊಳ್ಳಬೇಡಿ. ನಡೆಯುತ್ತ ನಡೆಯುತ್ತ ಕೊರೆದು ನೋಡುತ್ತಿರಿ. ನೀರಿಗೆ ಬಿದ್ದರೆ ಐಸ್‌ಗೆ ಚುಚ್ಚಿ ಹಿಡಿದು ಮೇಲೇರಲು ಕೊರಳಿಗೆ ಐಸ್ ಪಿಕ್ ಜೋಡಿ ನೇತುಹಾಕಿಕೊಳ್ಳಿ. ಅದು ಚೀಲದೊಳಗಿದ್ದರೆ ಇಲ್ಲದಿದ್ದಂತೆ.

ಜಾಗ ಸಿಕ್ಕಿತು, ಮೀನು ಇದೆಯೆಂದು ಗೊತ್ತಾಯಿತು. ರಂಧ್ರಗಳನ್ನು ಡೇರೆ ಹೂಡುವ ಮುಂಚೆಯೇ ಕೊರೆದುಬಿಡುವುದು ಒಳ್ಳೆಯದು. ಡೇರೆಯೊಳಗೆ ಆಗರ್ (ಐಸ್ ಕೊರೆಯುವ ಬೈರಿಗೆ) ತಿರುಗಿಸಿದರೆ ನೀರು ಉಕ್ಕಿ ಬಟ್ಟೆಯ ಬುಡ, ಬೂಟು, ಕುರ್ಚಿ ಎಲ್ಲ ಒದ್ದೆ. ತಿರುಗುವ ಅಲಗಿಗೆ ಗೋಡೆ ಸಿಕ್ಕಿ ಹರಿದದ್ದೂ ಉಂಟು. ಹಿಮದ ಭಾರಕ್ಕೆ ಐಸ್ ಹಾಳೆ ಕೊಂಚ ತಗ್ಗಿರುತ್ತದೆ. ಅಂಥ ಕಡೆ ಕೊರೆದ ಕೂಡಲೇ ನೀರು ಮೇಲೆ ಬಂದು ಹಿಮದಡಿ ಹರಡುತ್ತದೆ. ಇದು ಡೇರೆ ಹೂಡುವ ಮೊದಲೇ ಗೊತ್ತಾದರೆ ನಾಲ್ಕು ಹೆಜ್ಜೆ ಆಚೆ ಹೋಗಬಹುದು. ಬೇರೆಯವರ ಡೇರೆಯಿಂದ ಕನಿಷ್ಠ 10 ಅಡಿ ದೂರ ಬಿಡಬೇಕು ಎನ್ನುವುದು ಮಿನೆಸೋಟದ ನಿಯಮ. ಮರ್ಯಾದೆ ಅದಕ್ಕಿಂತ ಹೆಚ್ಚು ಕೇಳುತ್ತದೆ.

ಆಮೇಲೆ ನೆಲ. ಡೇರೆ ಬರುವಷ್ಟು ಜಾಗದ ಹಿಮವನ್ನು ಸಲಿಕೆಯಲ್ಲಿ ಐಸ್‌ವರೆಗೂ ಕೆರೆದು ಸುತ್ತ ಒಡ್ಡಿನಂತೆ ಗುಡ್ಡೆ ಹಾಕಿ. ಒಳಗೆ ಹಿಮ ಉಳಿದರೆ ಹೀಟರ್ ಶಾಖಕ್ಕೆ ಗಂಟೆಯೊಳಗೆ ಕೆಸರಾಗುತ್ತದೆ, ಸಂಜೆ ಆ ಕೆಸರೇ ಹೆಪ್ಪುಗಟ್ಟಿ ಬೂಟು ಕಚ್ಚುತ್ತದೆ. ಹೊರಗೆ ಹಾಕಿದ ಗುಡ್ಡೆಯೋ, ಗಾಳಿಯ ವಿರುದ್ಧ ನಿಮ್ಮ ಅತಿ ಅಗ್ಗದ ಸಾಮಾನು. ಅದನ್ನು ದೂರ ಎಸೆಯಬೇಡಿ.

ಈಗ ದಿಕ್ಕು. ಮಿನೆಸೋಟದ ಚಳಿಗಾಲದಲ್ಲಿ ಕೊರೆಯುವ ಗಾಳಿ ಹೆಚ್ಚಾಗಿ ವಾಯವ್ಯದಿಂದ. ಆದರೆ ರೂಢಿಯನ್ನು ನಂಬಿ ಕೂರದೆ ಮುಂದಿನ ಐದಾರು ಗಂಟೆಯ ಮುನ್ಸೂಚನೆ ನೋಡಿ. ಬೆಳಿಗ್ಗೆಯ ದಿಕ್ಕಿಗಲ್ಲ, ಗಾಳಿ ಅತಿ ಜೋರಾಗಿರುವ ಹೊತ್ತಿನ ದಿಕ್ಕಿಗೆ ಡೇರೆ ತಿರುಗಿಸಿ. ಹಬ್ ಡೇರೆಯ ಗೋಡೆ ಗಾಳಿಗೆ ಮುಖ ಕೊಡಬೇಕೋ, ಮೂಲೆ ಕೊಡಬೇಕೋ ಎನ್ನುವುದು ಮುಗಿಯದ ಜಗಳ. ನನ್ನ ಮತ ಮೂಲೆಗೆ. ಗೋಡೆ ಎದುರಾದರೆ ಪೂರ್ತಿ ಒತ್ತಡ ಒಂದೇ ಗುಂಬಕ್ಕೆ ಬಿದ್ದು ಅದು ಒಳಕ್ಕೆ ಮಗುಚುತ್ತದೆ. ಮೂಲೆ ಎದುರಾದರೆ ಗಾಳಿ ದೋಣಿಯ ಮೂತಿಗೆ ಸೀಳುವ ನೀರಿನಂತೆ ಎರಡು ಕಡೆ ಜಾರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಆ ಮೂಲೆಯ ಎರಡೂ ಬದಿಯ ಗೋಡೆಗಳಿಗೆ ಹಗ್ಗ ಕಟ್ಟಲೇಬೇಕು.

ಬಾಗಿಲು ಗಾಳಿಮರೆಗೆ ಇರಲಿ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಡೇರೆ ದಾಟಿದ ಗಾಳಿ ಸರಿಯಾಗಿ ಬೆನ್ನಹಿಂದೆ ನಿಧಾನವಾಗುತ್ತದೆ, ಹೊತ್ತುತಂದ ಹಿಮವನ್ನು ಅಲ್ಲೇ ಉದುರಿಸುತ್ತದೆ. ನಾಲ್ಕು ಗಂಟೆ ಕೂತು ಎದ್ದರೆ ಬಾಗಿಲ ಮುಂದೆ ಮೊಣಕಾಲುದ್ದ ದಿಬ್ಬ. ಗಾಳಿ ಬರುವ ದಿಕ್ಕಿನಿಂದ ಪಕ್ಕಕ್ಕೆ, ತುಸು ಹಿಂದಕ್ಕೆ ಬಾಗಿಲು ಬರುವಂತೆ ನೋಡಿಕೊಳ್ಳಿ. ಇರುಚಲೂ ಹೊಡೆಯದು, ದಿಬ್ಬವೂ ಕಟ್ಟದು.

ಬಿಚ್ಚುವ ಕ್ರಮ ಹೀಗೆ. ಡೇರೆಯನ್ನು ಚೀಲ ಸಮೇತ ಗಾಳಿಮುಖದ ಕಡೆ ಮಲಗಿಸಿ. ಡ್ರಿಲ್ ಮತ್ತು ಅದರಿಂದ ತಿರುಗಿಸಿ ಇಳಿಸುವ ಗೂಟಗಳು ಕೈಗೆಟಕುವಂತಿರಲಿ, ಬೇಕಾದಾಗ ಸ್ಲೆಡ್‌ನಲ್ಲಿ ಹುಡುಕುವ ಹಾಗಿರಬಾರದು. ಚೀಲ ಬಿಚ್ಚಿದ ಮೇಲೆ ಬಟ್ಟೆಯ ಮೇಲೆ ಒಂದು ಮೊಣಕಾಲೂರಿ, ಗಾಳಿಗೆ ಎದುರಾಗುವ ಮೂಲೆಯ ಕೊಂಡಿಗೆ ಮೊದಲ ಗೂಟ ಇಳಿಸಿ. ಯಾವ ಪಟ್ಟಿಯನ್ನೂ ಇನ್ನೂ ಎಳೆದಿಲ್ಲ, ನೆನಪಿರಲಿ. ಅನಂತರ ಆ ಮೂಲೆಯ ಪಕ್ಕದ ಒಂದು ಗೋಡೆಯನ್ನು ಹೊರಗೆಳೆದು ಬಿಗಿಮಾಡಿ, ಅದರ ಇನ್ನೊಂದು ಮೂಲೆಗೂ ಗೂಟ. ಈಗ ಡೇರೆ ಎಲ್ಲಿಗೂ ಹೋಗದು. ಆಮೇಲೆ ಚಾವಣಿ, ಉಳಿದ ಗೋಡೆಗಳು, ಉಳಿದ ಮೂಲೆಗಳು. ಬಾಗಿಲಿನ ಜಿಪ್ ಈ ಹೊತ್ತೆಲ್ಲ ತೆರೆದಿರಲಿ. ಒಳಹೊಕ್ಕ ಗಾಳಿಗೆ ಹೊರಹೋಗಲು ದಾರಿ ಇದ್ದರೆ ಡೇರೆ ಪಟದಂತೆ ಎದ್ದೇಳುವುದಿಲ್ಲ.

ಮೈನಸ್ 25ರ ಕೆಳಗೆ ಫೈಬರ್‌ಗ್ಲಾಸ್ ಕಡ್ಡಿ ಬಿರುಸಾಗಿರುತ್ತದೆ. ಪಟ್ಟಿಯನ್ನು ಜಗ್ಗಿ ಎಳೆದರೆ ಕಡ್ಡಿ ಲೋಹದ ತುದಿಯೊಳಗೆ ಕೂರುವ ಜಾಗದಲ್ಲೇ ಸೀಳುತ್ತದೆ. ನಿಧಾನವಾಗಿ ಎಳೆಯಿರಿ. ಅಷ್ಟಕ್ಕೂ ಸೀಳಿದರೆ? ಕಡ್ಡಿಗಿಂತ ತುಸು ದೊಡ್ಡ ರಂಧ್ರದ ಅಲ್ಯೂಮಿನಿಯಂ ಕೊಳವೆಯ ಗೇಣುದ್ದದ ತುಂಡು ಮತ್ತು ಗಟ್ಟಿ ಟೇಪು ಚೀಲದಲ್ಲಿದ್ದರೆ ಆ ದಿನದ ಮಟ್ಟಿಗೆ ತೊಂದರೆಯಿಲ್ಲ. ಸೀಳಿನ ಮೇಲೆ ಕೊಳವೆ ತೊಡಿಸಿ ಎರಡೂ ತುದಿಗೆ ಟೇಪು ಸುತ್ತಿ. ಬರಿಗೈಯಲ್ಲಿ ಮುಟ್ಟಬೇಡಿ. ಫೈಬರ್‌ಗ್ಲಾಸ್ ಸಿಬಿರು ಹಲಸಿನ ಮೇಣಕ್ಕಿಂತ ಹಟಮಾರಿ.

ಗೂಟಗಳ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಐಸ್ ಗೂಟ ಎಂದರೆ ಸುತ್ತು ಹಲ್ಲಿನ ಸ್ಕ್ರೂ. ಡೇರೆಯ ಜೊತೆ ಕೊಡುವ ನಾಲ್ಕು ಸಾಲದು. ನಾಲ್ಕು ಮೂಲೆಗೆ ನಾಲ್ಕು, ಗುಂಬಗಳ ಹಗ್ಗಕ್ಕೆ ನಾಲ್ಕು, ಕಳೆದುಹೋಗುವುದಕ್ಕೆ ಎರಡು: ಹತ್ತು ಇರಲಿ. ಕೈಯಲ್ಲಿ ತಿರುಗಿಸುವುದು ಡಿಸೆಂಬರಿನ ಐಸ್‌ಗೆ ಸರಿ, ಜನವರಿಯ ಐಸ್ ಕಲ್ಲು. ಕಾರ್ಡ್‌ಲೆಸ್ ಡ್ರಿಲ್‌ಗೆ ಹಾಕುವ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ, ತೆಗೆದುಕೊಳ್ಳಿ. ಡ್ರಿಲ್ ಬ್ಯಾಟರಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ. ಮೂಲೆಯ ಗೂಟ ನೆಟ್ಟಗೆ ಇಳಿಯಲಿ. ಹಗ್ಗದ ಗೂಟ ಡೇರೆಯಿಂದ ಆಚೆಗೆ ತುಸು ವಾಲಿರಲಿ. ಹಗ್ಗ ಗುಂಬದಿಂದ ನೆಲಕ್ಕೆ ಸುಮಾರು 45 ಡಿಗ್ರಿಯಲ್ಲಿ ಇಳಿಯಬೇಕು. ಅದಕ್ಕಿಂತ ಕಡಿದಾದರೆ ಗುಂಬವನ್ನು ಹೊರಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯುತ್ತದೆ.

ಗೂಟ ಸಡಿಲವಾಗುವುದಕ್ಕೆ ಗಾಳಿಗಿಂತ ಬಿಸಿಲು ದೊಡ್ಡ ಕಾರಣ ಎಂದರೆ ಹೊಸಬರು ನಂಬುವುದಿಲ್ಲ. ಮೈನಸ್ 10ರಲ್ಲೂ ಬಿಸಿಲಿಗೆ ಕಪ್ಪು ಲೋಹ ಕಾಯುತ್ತದೆ, ಸುತ್ತಲಿನ ಐಸ್ ಎಳೆನೂಲಿನಷ್ಟು ಕರಗಿದರೂ ಹಲ್ಲಿನ ಹಿಡಿತ ಹೋಯಿತು. ಗೂಟದ ತಲೆಯ ಮೇಲೆ ಒಂದು ಸಲಿಕೆ ಹಿಮ ಹಾಕಿ ತುಳಿಯಿರಿ, ಬಿಸಿಲು ತಾಗದಂತೆ. ಬೆಚ್ಚಗಿನ ಕಾರಿನಿಂದ ನೇರ ತಂದ ಗೂಟವನ್ನು ಐಸ್‌ಗೆ ಇಳಿಸಬೇಡಿ. ಮೊದಲು ಕರಗಿಸುತ್ತದೆ, ಆಮೇಲೆ ಆ ನೀರು ಹೆಪ್ಪುಗಟ್ಟಿ ಗೂಟವನ್ನು ಹಿಡಿದುಕೊಳ್ಳುತ್ತದೆ. ಸಂಜೆ ಹೀಗೆ ಸಿಕ್ಕಿಕೊಂಡ ಗೂಟ ಬಿಡಿಸಬೇಕಾದರೆ ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೇ ತಿರುಗಿಸಿ. ಐಸ್ ಬಿರುಕು ಬಿಟ್ಟ ಸದ್ದು ಕೇಳಿದ ಮೇಲೆ ಬಿಚ್ಚುವ ಕಡೆಗೆ.

ಇಷ್ಟು ಮಾಡಿದರೆ ಡೇರೆ ನಿಂತಿತು. ಗಾಳಿ ಇನ್ನೂ ನಿಂತಿಲ್ಲ. ಗೋಡೆಯ ಬಟ್ಟೆಯಿಂದ ಬರುವ ಗಾಳಿ ಲೆಕ್ಕಕ್ಕಿಲ್ಲ, ಬರುವುದೆಲ್ಲ ಬುಡದ ಸಂದಿನಿಂದ. ಅದಕ್ಕೇ ಗೋಡೆಯ ಕೆಳಗೆ ಹೊರಕ್ಕೆ ಹರಡಿಕೊಂಡಿರುವ ಬಟ್ಟೆಯಂಚು. ಇಲ್ಲಿ ಸ್ಕರ್ಟ್ ಎನ್ನುತ್ತಾರೆ, ನಾವು ಸೆರಗು ಎನ್ನೋಣ. ಸೆರಗು ಒಳಕ್ಕೆ ಮಡಚಿರಬಾರದು, ಪೂರ್ತಿ ಹೊರಗೆ ಹಾಸಿರಬೇಕು. ಗಾಳಿಮುಖದಿಂದ ಶುರುಮಾಡಿ ಅದರ ಮೇಲೆ ಹಿಮ ಸುರಿಯುತ್ತ ಬನ್ನಿ. ಗಾಳಿಯ ಕಡೆ ಒಂದು ಗೇಣು ಎತ್ತರ, ಉಳಿದ ಕಡೆ ಅರ್ಧ ಗೇಣು ಸಾಕು. ಹಾಕಿ ಬಿಟ್ಟರೆ ಒಣ ಹಿಮ ಪುಡಿಯಂತೆ ಹಾರಿಹೋಗುತ್ತದೆ. ಸಲಿಕೆಯ ಬೆನ್ನಿನಿಂದ ತಟ್ಟಿ, ಬೂಟಿನಿಂದ ತುಳಿಯಿರಿ. ಹಾಗೆ ಕದಡಿ ಒತ್ತಿದ ಹಿಮದ ಹರಳುಗಳು ಅರ್ಧ ಗಂಟೆಯಲ್ಲಿ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಹಸಿಮಣ್ಣಿನ ಗೋಡೆಗೆ ಮೆತ್ತಿದಂತೆ, ಅವಸರವಿಲ್ಲದ ಕೆಲಸ.

ರಂಧ್ರದಿಂದ ಎತ್ತಿದ ಒದ್ದೆ ಐಸ್ ಪುಡಿಯನ್ನು ಸೆರಗಿನ ಮೇಲೆ ಹಾಕಿದರೆ ಐದೇ ನಿಮಿಷದಲ್ಲಿ ಕಾಂಕ್ರೀಟ್. ಗಾಳಿಗೆ ಅದಕ್ಕಿಂತ ಒಳ್ಳೆಯ ತಡೆಯಿಲ್ಲ, ಸಂಜೆಗೆ ಅದಕ್ಕಿಂತ ಕೆಟ್ಟ ಕೆಲಸವೂ ಇಲ್ಲ. ಕತ್ತಲಲ್ಲಿ ಕೊಡಲಿಯಿಂದ ಐಸ್ ಒಡೆಯಲು ಹೋಗಿ ಬಟ್ಟೆ ಕತ್ತರಿಸುವವರು ಪ್ರತಿವರ್ಷ ಇರುತ್ತಾರೆ. ಹಿಮವೇ ಇಲ್ಲದ ಬೋಳು ಐಸ್ ಮೇಲೆ ಮಾತ್ರ ಇದು ಅನಿವಾರ್ಯ. ಆಗಲೂ ಗಾಳಿಮುಖದ ಬದಿಗಷ್ಟೇ ಹಾಕಿ. ಸೆರಗಿನ ಹೊರಅಂಚು ಮುಚ್ಚುವಷ್ಟೇ ಇರಲಿ, ಗೋಡೆಯ ಬುಡದವರೆಗೆ ಬೇಡ.

ಫ್ಲಿಪ್-ಓವರ್‌ಗೆ ಇಷ್ಟು ರಾಮಾಯಣವಿಲ್ಲ. ಸ್ಲೆಡ್‌ನ ಬೆನ್ನು ಗಾಳಿಗೆ, ಮುಖ ಗಾಳಿಮರೆಗೆ. ಉಲ್ಟಾ ಇಟ್ಟರೆ ಮೇಲಿಂದ ಎಳೆಯುವಾಗ ಬಟ್ಟೆ ಹಾಯಿಯಾಗಿ ಹಿಂದಕ್ಕೆ ಮಗುಚುತ್ತದೆ. ಕಂಬಗಳ ಬೀಗ ಪೂರ್ತಿ ಕೂತಿದೆಯೇ ನೋಡಿ, ಹಿಂದೆ ಸ್ಲೆಡ್‌ನ ಬುಡಕ್ಕೆ ಹಿಮ ಒತ್ತಿ, ಮುಂದಿನ ಎರಡು ಮೂಲೆಗೆ ಗೂಟ. ನಿಮ್ಮ ತೂಕವೂ ಸ್ಲೆಡ್ ಮೇಲೇ ಇರುತ್ತದೆ. ನೀವು ಎದ್ದು ಪಕ್ಕದವರನ್ನು ಮಾತಾಡಿಸಲು ಹೋದಾಗ ಆ ತೂಕವೂ ನಿಮ್ಮ ಜೊತೆಗೇ ಹೋಗುತ್ತದೆ, ಅದಕ್ಕೇ ಗೂಟ.

ಎಲ್ಲ ಸಂದೂ ಮುಚ್ಚಿದ ಮೇಲೆ ಬರುವ ಅಪಾಯ ಬೇರೆ ಥರದ್ದು. ಪ್ರೊಪೇನ್ ಹೀಟರ್ ಉರಿಯಲು ಆಮ್ಲಜನಕ ಬೇಕು. ಅದು ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬರುವುದು ತಲೆನೋವು ಮತ್ತು ನಿದ್ದೆ. ಚಾವಣಿಯ ಬಳಿ ಒಂದು, ಗಾಳಿಮರೆಯ ಬುಡದಲ್ಲಿ ಒಂದು, ಎರಡು ಕಿಂಡಿ ಯಾವಾಗಲೂ ತೆರೆದಿರಬೇಕು. ಒಂದೇ ಕಿಂಡಿ ಇದ್ದರೆ ಗಾಳಿ ತಿರುಗದು. ಹೀಟರ್‌ನಲ್ಲಿ ಆಮ್ಲಜನಕ ಕಡಿಮೆಯಾದರೆ ಆರುವ ಸೆನ್ಸರ್ ಇದೆ, ಸಾಕು ಎನ್ನುವವರಿಗೆ ಒಂದು ಮಾತು: ಅದು ಆಮ್ಲಜನಕ ನೋಡುತ್ತದೆ, ಮೊನಾಕ್ಸೈಡ್ ನೋಡುವುದಿಲ್ಲ. ಬ್ಯಾಟರಿಯ ಮೊನಾಕ್ಸೈಡ್ ಅಲಾರಂ ಬೇರೆಯೇ ಬೇಕು, ಕುಳಿತವರ ಮುಖದ ಎತ್ತರಕ್ಕೆ ನೇತುಹಾಕಿ. ಹೆಚ್ಚಿನ ಅಲಾರಂಗಳು ಕೊರೆಯುವ ಚಳಿಗೆಂದು ಮಾಡಿದವಲ್ಲ, ಕೆಲಸ ಮಾಡುವ ಕನಿಷ್ಠ ಉಷ್ಣಾಂಶವನ್ನು ಪೆಟ್ಟಿಗೆಯ ಮೇಲೆ ಓದಿ ಕೊಳ್ಳಿ. ಸೋರಿದ ಪ್ರೊಪೇನ್ ಗಾಳಿಗಿಂತ ಭಾರ, ಐಸ್ ಮೇಲೇ ಹರಡಿಕೊಂಡಿರುತ್ತದೆ. ಬುಡದ ಕಿಂಡಿ ಅದಕ್ಕೂ ಬೇಕು.

ಕಿಂಡಿಗೆ ಇನ್ನೊಂದು ಕಾರಣ ನೀರು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ. ಅಂಗಡಿಯ ಒಂದು ಪೌಂಡ್ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಮುಕ್ಕಾಲು ಲೀಟರ್ ನೀರು ಡೇರೆಯೊಳಗೆ ಸೇರಿರುತ್ತದೆ, ಉಸಿರಿನದು ಬೇರೆ. ಅದು ಚಾವಣಿಗೆ ಹತ್ತಿ ಹೆಪ್ಪುಗಟ್ಟುತ್ತದೆ, ಹೀಟರ್ ಏರಿಸಿದಾಗ ಕತ್ತಿನೊಳಗೆ ತೊಟ್ಟಿಕ್ಕುತ್ತದೆ. ನಡುವೆ ಶಾಖ ತಡೆಯುವ ವಸ್ತು ತುಂಬಿದ ಎರಡು ಪದರದ ಡೇರೆಯಲ್ಲಿ ಇದು ಕಡಿಮೆ, ಒಂದೇ ಪದರದ್ದರಲ್ಲಿ ಮಳೆಗಾಲ.

ಗಾಳಿ ದಿಕ್ಕು ಬದಲಿಸಿದರೆ ಡೇರೆಯೇ ಹೇಳುತ್ತದೆ: ಇಷ್ಟು ಹೊತ್ತು ಸುಮ್ಮನಿದ್ದ ಗೋಡೆ ಪಟಪಟನೆ ಬಡಿಯತೊಡಗುತ್ತದೆ. ಆಗ ಮೀನು ಕಚ್ಚುತ್ತಿದ್ದರೂ ಎದ್ದು ಆ ಗುಂಬಕ್ಕೆ ಹಗ್ಗ ಕಟ್ಟಬೇಕು. ಗುಂಬ ಒಳಕ್ಕೆ ಮಗುಚಿತೆಂದರೆ ಮೊದಲು ಹೀಟರ್ ಆರಿಸಿ. ಬಟ್ಟೆ ಜ್ವಾಲೆಗೆ ತಾಗಲು ಒಂದು ಕ್ಷಣ ಸಾಕು. ಅನಂತರ ಒಳಗಿನಿಂದ ಅಂಗೈಯಲ್ಲಿ ಗುಂಬದ ನಡುವನ್ನೇ ಹೊರಕ್ಕೆ ತಳ್ಳಿ, ಕಡ್ಡಿಯನ್ನು ತಳ್ಳಿದರೆ ಮುರಿಯುತ್ತದೆ.

ಇನ್ನು, ಡೇರೆಯನ್ನೇ ಹೂಡಬಾರದ ದಿನಗಳಿವೆ. ಗಂಟೆಗೆ 50 ಕಿ.ಮೀ. ಮೀರಿ ಬೀಸುವ ಮುನ್ಸೂಚನೆ ಇದ್ದರೆ ಹಬ್ ಡೇರೆ ಮನೆಯಲ್ಲೇ ಇರಲಿ. ಐಸ್ ಹೊಸದಾಗಿದ್ದಾಗ ಗಾಳಿ ಡೇರೆಯನ್ನಷ್ಟೇ ಅಲ್ಲ, ಐಸ್ ಹಾಳೆಯನ್ನೇ ತಳ್ಳುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್‌ನಲ್ಲಿ ಹಾಗೆ ಐಸ್ ದಂಡೆಯಿಂದ ಕಳಚಿಕೊಂಡು ನೂರಕ್ಕೂ ಹೆಚ್ಚು ಜನ ನೀರಿನಾಚೆ ಸಿಕ್ಕಿಕೊಂಡಿದ್ದರು. ಅಂಥ ಕೆರೆಯಲ್ಲಿ ಗಾಳಿ ದಂಡೆಯಿಂದ ಒಳಕ್ಕೆ ಬೀಸುವ ದಿನ ಯಾವ ಗೂಟವೂ ಉಪಯೋಗಕ್ಕೆ ಬರದು.

ಡೇರೆ ಕಳಚಿ ಮಡಚುವಾಗ ಹೂಡಿದ್ದರ ತಿರುವುಮುರುವು. ಮೊದಲು ಹೀಟರ್ ಆರಿಸಿ, ಬಾಗಿಲು ಕಿಟಕಿ ಎಲ್ಲ ತೆರೆದು ಹತ್ತು ನಿಮಿಷ ಒಳಗಿನ ತೇವ ಹೆಪ್ಪುಗಟ್ಟಲು ಬಿಡಿ. ಹೆಪ್ಪುಗಟ್ಟಿದ ತೇವ ಕೈಯಿಂದ ತಟ್ಟಿದರೆ ಉದುರುತ್ತದೆ, ಒದ್ದೆಯಾಗಿದ್ದರೆ ಮಡಿಕೆಯಲ್ಲೇ ಉಳಿಯುತ್ತದೆ. ಸೆರಗಿನ ಹಿಮವನ್ನು ಸಲಿಕೆಯಿಂದ ಎಬ್ಬಿಸಿ, ಬಟ್ಟೆ ಹಿಡಿದು ಜಗ್ಗಬೇಡಿ. ಗಾಳಿಮರೆಯ ಗೋಡೆಗಳು ಮೊದಲು ಒಳಕ್ಕೆ, ಆಮೇಲೆ ಚಾವಣಿ, ಕೊನೆಗೆ ಗಾಳಿಮುಖ. ಮೊದಲು ಇಳಿಸಿದ ಗೂಟವನ್ನು ಡೇರೆಗೆ ಪಟ್ಟಿ ಬಿಗಿದ ಮೇಲಷ್ಟೇ ತೆಗೆಯಬೇಕು. ಜಿಪ್ ಹೆಪ್ಪುಗಟ್ಟಿದ್ದರೆ ಎಳೆದಾಡದೆ ಬೆರಳಿನ ಬಿಸಿ ಕೊಟ್ಟು ಬಿಡಿಸಿ. ಹೊರಡುವ ಹಿಂದಿನ ದಿನ ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿಟ್ಟರೆ ಈ ತಾಪತ್ರಯ ಅರ್ಧ ಕಡಿಮೆ.

ಮನೆಗೆ ಬಂದ ರಾತ್ರಿಯೇ ಗ್ಯಾರೇಜಿನಲ್ಲಿ ಡೇರೆ ಬಿಚ್ಚಿ ನಿಲ್ಲಿಸಿ, ಎರಡು ದಿನ ಒಣಗಲಿ. ಚೀಲದಲ್ಲೇ ಬಿಟ್ಟರೆ ಮುಂದಿನ ವಾರಕ್ಕೆ ಮುಗ್ಗಲು ವಾಸನೆ, ಮುಂದಿನ ವರ್ಷಕ್ಕೆ ಬೂಷ್ಟು. ಒಣಗುತ್ತಿರುವಾಗ ಪ್ರತಿ ಕಡ್ಡಿಯ ಮೇಲೂ ಕೈಗವಸು ಹಾಕಿದ ಕೈಯನ್ನು ಒಮ್ಮೆ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ಸೀಳು ಶುರುವಾಗಿದೆ ಎಂದರ್ಥ, ಆ ಕಡ್ಡಿಯನ್ನು ಮುಂದಿನ ಶನಿವಾರದೊಳಗೆ ಬದಲಿಸಿ.